ಅಟ್ಟಣೆ ಅಲುಗಲಿಲ್ಲ

ಫೆಬ್ರವರಿ 9, ಸಂಜೆ

ಹಾರಲು ಬಿಟ್ಟ ಹಕ್ಕಿ ಇಳಿಸಿಯಾಯಿತು. ಕಾಳು, ನೀರು ಇಟ್ಟಿದ್ದೂ ಆಯಿತು. ಮಹಡಿ ಮೇಲಿನ ಪಾರಿವಾಳದ ಅಟ್ಟಣೆ ಇವತ್ತು ನೈಲ್ ನದಿಯ ದೋಣಿಯಂತೆ ತೂಗಿತು. ಹಕ್ಕಿಗಳಿಗೆ ಸನ್ನೆ ಮಾಡುವ ಬಾವುಟ ಕೈಬಿಟ್ಟು ಕಂಬ ತಬ್ಬಿಕೊಂಡೆ... ಹೇಗೋ ಇಳಿದೆ. ಬಡಗಿ ಅಶ್ರಿಯನ್ನು ಕರೆಸಿ ಬೈದೆ — ಹುಳ ತಿಂದ ಮರ ಹಾಕಿದ್ದಾನೆಂದು.

ತಲೆಯೆತ್ತಿ ನೋಡಿ ನಕ್ಕ. “ಹಾಜಿ, ಅಟ್ಟಣೆ ಅಲ್ಲಾಡಿದ್ರೆ ಪಾರಿವಾಳ ಹಿಂಗೆ ಕೂತಿರ್ತಿದ್ವಾ? ಅಲ್ಲಾಡಿದ್ದು ನೀನು.”

ಮೊನ್ನೆಯ ನೆಗಡಿ ಇರಬೇಕು. ಎಡಗಿವಿಯಲ್ಲಿ ಬರೀ ಸೀಟಿ.

ಫೆಬ್ರವರಿ 10

ಗೋಡೆ ತಿರುಗುತ್ತಿದೆ. ವಾಂತಿ. ಬರೆಯಲು—

ಫೆಬ್ರವರಿ 12

ನಿನ್ನೆ ಮಗಳು ಇಬ್ತಿಹಾಲ್ ಆಸ್ಪತ್ರೆಗೆ ಎಳೆದುಕೊಂಡು ಹೋದಳು. ಒಳಗಿವಿಯ ಉರಿಯೂತ. ಲ್ಯಾಬಿರಿಂತೈಟಿಸ್. ಲ್ಯಾಬಿರಿಂತ್ — ಕಾಲೇಜಿನಲ್ಲಿ ಗ್ರೀಕ್ ಕಥೆಯಲ್ಲಿ ಓದಿದ್ದೆ. ಸುತ್ತುಬಳಸಿನ ಓಣಿಗಳು, ನಡುವೆ ಒಂದು ಗೂಳಿ.

“ಗೂಳಿ ಇಲ್ಲ ಯಜಮಾನ್ರೇ, ನೀರಿದೆ,” ಎಂದಳು ಡಾಕ್ಟರಮ್ಮ.

ತಲೆ ಎತ್ತ ತಿರುಗಿತೆಂದು ಎರಡೂ ಕಿವಿ ಮಿದುಳಿಗೆ ವರದಿ ಕೊಡುತ್ತವಂತೆ. ಎಡದ್ದು ಈಗ ಸುಳ್ಳು ವರದಿ. ಅದಕ್ಕೇ ಗಿರಗಿರ. ಕೇಳುವುದು ಮರಳಬಹುದು, ಮರಳದೆಯೂ ಇರಬಹುದು. ಬೇಗ ಬಂದದ್ದು ಒಳ್ಳೆಯದಾಯಿತು, ಮಾತ್ರೆ ಇದೆ. ಬ್ಯಾಲೆನ್ಸ್ ಮಾತ್ರ ಕಲಿಸಿದರೆ ಕಲಿಯುತ್ತದೆ. ಸದಾ ಮಲಗಿರಬಾರದು.

ದಾರಿಯಲ್ಲಿ ಇಬ್ತಿಹಾಲ್: “ಅಟ್ಟಣೆ ಕೆಡವಿಸ್ತೀನಿ. ಅಮ್ಮ ಹೋಗಿದ್ದು ಸಾಲ್ದಾ, ನೀನೂ ಮೇಲಿಂದ ಬಿದ್ದು ಹೋಗ್ಬೇಕಾ?”

“ಕಣ್ಣು ಮುಚ್ಚಿ ನೆಟ್ಟಗೆ ನಿಂತು ತೋರಿಸಿದ್ರೆ?”

“ಡಾಕ್ಟರ್ ಮುಂದೆ ನಿಲ್ಲು. ವಾಲಿದ್ರೆ ಅಶ್ರಿ ಸುತ್ತಿಗೆ ತರ್ತಾನೆ.”

ಒಪ್ಪಿದೆ. ಗೆಲ್ಲುತ್ತೇನೆ.

ಫೆಬ್ರವರಿ 23

ಡಾಕ್ಟರಮ್ಮ ಹೇಳಿಕೊಟ್ಟ ಕಸರತ್ತು: ಬಾವುಟದ ಮೇಲೆ ಕಣ್ಣು ನೆಟ್ಟು ತಲೆ ಎಡಕ್ಕೆ, ಬಲಕ್ಕೆ. ಮೊದಮೊದಲು ಬಾವುಟವೇ ಓಡಿಹೋಗುತ್ತಿತ್ತು. ಈಗ ನಡುಗುತ್ತದೆ, ಅಷ್ಟೆ. ಗೋಡೆ ಹಿಡಿದು ನಡೆಯುತ್ತೇನೆ. ಹಕ್ಕಿಗೆ ಕಾಳು ಹಾಕಲು ಅಶ್ರಿ ಹತ್ತುತ್ತಾನೆ — ಬೈದುಕೊಂಡೇ.

ಕತ್ತು ತಿರುಚಿಕೊಂಡ ಆ ಬೂದು ಪಾರಿವಾಳ ನೆನಪಾಯಿತು. ಕೊಯ್ದುಬಿಡಿ ಅಂದರು ಎಲ್ಲರೂ. ನನ್ನ ಹೆಂಡತಿ ಸನಿಯಾ ಅದರ ಬಾಯಿಗೆ ಕಾಳಿಟ್ಟು ಸಾಕಿದಳು, ದಿನಾ ಅಂಗಳದಲ್ಲಿ ನಡೆಸಿದಳು. ಕತ್ತು ಓರೆಯಾಗಿಯೇ ಉಳಿಯಿತು. ಹಾರಿತು ಮಾತ್ರ ನೆಟ್ಟಗೆ.

ಮಾರ್ಚ್ 18

ನಿಂತೆ. ಡಾಕ್ಟರಮ್ಮನ ಮುಂದೆ, ಕಣ್ಣು ಮುಚ್ಚಿ, ಪಾದ ಜೋಡಿಸಿ. ಬೆನ್ನ ಹಿಂದೆ ಇಬ್ತಿಹಾಲಳ ಕೈ ಬಂದದ್ದು ಗೊತ್ತಾಯಿತು. ಮುಟ್ಟಬೇಕಾಗಲಿಲ್ಲ.

ಎಡಗಿವಿ ಬರಲಿಲ್ಲ. ಇರಲಿ, ಬಲಗಿವಿ ಗಟ್ಟಿಯಾಗಿದೆ.

“ಅಟ್ಟಣೆ ಹತ್ತಿ, ಕತ್ತಲಾದ್ಮೇಲೆ ಬೇಡ,” ಎಂದಳು ಡಾಕ್ಟರಮ್ಮ. “ಕಂಬಕ್ಕೆ ಹಗ್ಗ ಕಟ್ಕೊಳ್ಳಿ.”

ಮಾರ್ಚ್ 19, ಇಳಿಹೊತ್ತಿನ ಅಸರ್ ನಮಾಜಿನ ನಂತರ, ಅಟ್ಟಣೆಯ ಮೇಲೆ

ಹಗ್ಗ ಕಟ್ಟಿದ್ದೇನೆ. ಕೆಳಗೆ ಎಡಗಡೆ ಇಬ್ತಿಹಾಲಳ ಬಾಯಿ ಆಡುತ್ತಿದೆ. ತಲೆ ತಿರುಗಿಸಿ ಬಲಗಿವಿ ಕೊಟ್ಟೆ — “ನಿಧಾನ ಅಪ್ಪಾ, ನಿಧಾನ.” ಅಶ್ರಿ ಬರಿಗೈಯಲ್ಲಿ ಬಂದಿದ್ದಾನೆ. ಮೆಟ್ಟಿಲೇರುವಾಗ ಒಂದು ಹಕ್ಕಿಯೂ ಏಳಲಿಲ್ಲ. ಈಗ ಬಾವುಟ ಎತ್ತಿದೆ, ಎಲ್ಲವೂ ಒಟ್ಟಿಗೆ ಹಾರಿದವು.