ಅತ್ತಿಗೆಯ ಕೀಬೋರ್ಡಿನಲ್ಲಿ ಸವೆದ ಗುಂಡಿ

ಅರಸೀಕೆರೆ
ಭಾನುವಾರ, 9 ನವೆಂಬರ್ 2025

ಪ್ರೀತಿಯ ಅಣ್ಣಾ,

ಬೆಳಿಗ್ಗೆ ಅತ್ತಿಗೆಯ ಮೇಜು ಒರೆಸುವಾಗ ಒಂದು ಸಣ್ಣ ಸಂಗತಿ ಕಣ್ಣಿಗೆ ಬಿತ್ತು. ಅವರ ಕೀಬೋರ್ಡಿನ ಮೇಲಿನ ಸಾಲಿನಲ್ಲಿ ಎಫ್ ಫೈವ್ ಅನ್ನುವ ಗುಂಡಿ ಇದೆಯಲ್ಲ, ಅದರ ಅಚ್ಚು ಪೂರ್ತಿ ಅಳಿಸಿಹೋಗಿದೆ. ಅಕ್ಕಪಕ್ಕದ ಗುಂಡಿಗಳು ಅಂಗಡಿಯಿಂದ ತಂದ ದಿನದ ಹಾಗೆಯೇ ಇವೆ. ಇದೊಂದು ಮಾತ್ರ ಅಜ್ಜಿಯ ಗುಂಡುಕಲ್ಲಿನ ಹಾಗೆ ನುಣ್ಣಗೆ ಹೊಳೆಯುತ್ತಿದೆ. ಒರೆಸುವ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ಅದನ್ನೇ ನೋಡುತ್ತ ನಿಂತೆ. ಇದನ್ನೆಲ್ಲ ನಿನಗೆ ಯಾಕೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ, ಅದಕ್ಕೇ ಬರುತ್ತೇನೆ.

ಮೊದಲು ನಿನ್ನ ವಿಷಯ ಹೇಳು. ದೀಪಾವಳಿಗೆ ಬಂದಾಗ ಇದ್ದ ಕೆಮ್ಮು ಬಿಟ್ಟಿತಾ? ಅಮ್ಮ ಕಟ್ಟಿಕೊಟ್ಟ ಕಷಾಯದ ಪುಡಿ ಡಬ್ಬಿಯಲ್ಲೇ ಇರುತ್ತದೆ, ನನಗೆ ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ. ಅಮ್ಮನ ಮಂಡಿ ವಾಸಿಯಾಗುತ್ತಿದೆ, ಈಗ ಗೋಡೆ ಹಿಡಿಯದೆ ಹಿತ್ತಲವರೆಗೆ ನಡೆಯುತ್ತಾಳೆ. ರಂಗಮ್ಮಜ್ಜಿಯ ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಮಾತ್ರ ಹಾಗೇ ಇದೆ. ಅಪ್ಪ ಕೊಬ್ಬರಿ ದರ ಏರಿದ ದಿನ ನಗುತ್ತಾರೆ, ಇಳಿದ ದಿನ ನನಗೆ ಕೆಲಸ ಹುಡುಕಿಕೊಳ್ಳಲು ಹೇಳುತ್ತಾರೆ.

ಫೋನ್ ಇರುವಾಗ ಕಾಗದ ಯಾಕೆ ಅಂತ ನಗಬೇಡ. ನಿನ್ನ ವಾಟ್ಸಾಪನ್ನು ಅತ್ತಿಗೆಯ ಲ್ಯಾಪ್‌ಟಾಪಿಗೂ ನೀನೇ ಜೋಡಿಸಿಕೊಟ್ಟಿದ್ದೀಯ, ರೈಲ್ವೆಯ ಕಾಗದಪತ್ರ ಕಳಿಸಲು ಅನುಕೂಲ ಅಂತ. ನಾನು ನಿನಗೆ ಏನು ಬರೆದರೂ ಅವರ ಪರದೆಯ ಮೂಲೆಯಲ್ಲಿ ಪಟಕ್ಕನೆ ಮೂಡುತ್ತದೆ. ಮಾತಾಡೋಣ ಅಂದರೆ ಈ ಮನೆಯಲ್ಲಿ ಒಬ್ಬರನ್ನು ಕೇಳಿದ್ದಕ್ಕೆ ಎಲ್ಲರೂ ಉತ್ತರ ಕೊಡುತ್ತಾರೆ. ನನಗೂ ಅಷ್ಟೇ, ಬಾಯಲ್ಲಿ ಆಡಲಾಗದ್ದು ಕೈಯಲ್ಲಿ ಬರುತ್ತದೆ.

ಹಬ್ಬದ ರಜೆ ಮುಗಿಸಿ ಹೊರಟ ದಿನ ಪ್ಲಾಟ್‌ಫಾರಂನ ನಲ್ಲಿಯ ಹತ್ತಿರ ನನ್ನನ್ನು ಕರೆದು ನೀನು ಹೇಳಿದ್ದು ಮರೆತಿಲ್ಲ. "ಹುಬ್ಬಳ್ಳೀಲಿ ಕ್ವಾರ್ಟರ್ಸ್ ಕೊಡ್ತೀವಿ ಅಂತಿದಾರೆ ಕಣೇ. ಬೇಕೋ ಬೇಡ್ವೋ ನವೆಂಬರ್ ಮುಗಿಯೋದ್ರೊಳಗೆ ಹೇಳ್ಬೇಕು. ಮೇಘನ್ನ ಕೇಳಿದ್ರೆ 'ಇಲ್ಲೇ ಆರಾಮಾಗಿದೀನಿ, ಅತ್ತೆ ಮಂಡಿ ನೋವು ಬೇರೆ' ಅಂತಾಳೆ. ಅಮ್ಮನ್ನ ಕೇಳಿದ್ರೆ ಕಣ್ಣಲ್ಲಿ ನೀರು. ನೀನು ಮಾತಾಡಲ್ಲ, ಆದ್ರೆ ಎಲ್ಲಾ ನೋಡ್ತಿರ್ತೀಯ. ಅವಳು ನಿಜವಾಗ್ಲೂ ಆರಾಮಾಗಿದಾಳಾ? ನೋಡಿ ಹೇಳು. ನೀನು ಹೇಳ್ದಂಗೆ ಮಾಡ್ತೀನಿ." ಅಷ್ಟರಲ್ಲಿ ಗಾಡಿ ಹೊರಟಿತು. ಸ್ಟೇಷನ್ನಿನಿಂದ ಮನೆಗೆ ಬರುವಷ್ಟರಲ್ಲಿ ನನ್ನ ಉತ್ತರ ಸಿದ್ಧವಾಗಿತ್ತು. ಕರೆದುಕೊಂಡು ಹೋಗು. ನಾಳೆಯೇ ಬಂದು ಕರೆದುಕೊಂಡು ಹೋಗು.

ನಿನಗೆ ಬೇಸರವಾಗಬಹುದು, ಆದರೂ ಬರೆಯುತ್ತೇನೆ. ನನಗೆ ಅತ್ತಿಗೆಯನ್ನು ಕಂಡರೆ ಹೊಟ್ಟೆಕಿಚ್ಚು. ಮದುವೆಯಾಗಿ ಬಂದ ವಾರದಲ್ಲೇ ಅವರಿಗೆ ಮಹಡಿಯ ಕೋಣೆ ಹೋಯಿತು, ಅಲ್ಲಿ ಮಾತ್ರ ನೆಟ್‌ವರ್ಕ್ ಚೆನ್ನಾಗಿ ಸಿಗುತ್ತದೆ ಅಂತ. ಕಿಟಕಿಯಾಚೆ ರೈಲುಗಳು ಕಾಣುವ ನನ್ನ ಕೋಣೆ ಅದು. ನನ್ನ ಪುಸ್ತಕಗಳು ಕೆಳಗಿಳಿದು ಅಜ್ಜಿಯ ಕೋಣೆಯ ಅಕ್ಕಿ ಡ್ರಮ್ಮಿನ ಮೇಲೆ ಕೂತಿವೆ. ಅಕ್ಕಿ ಬೇಕಾದಾಗಲೆಲ್ಲ ಅಮ್ಮ ಅವನ್ನು ಇಳಿಸಿ, ಏರಿಸಿ, ಒಂದರ ಬೆನ್ನು ಕಿತ್ತುಬಂದಿದೆ. ಹೋಗಲಿ, ಕೋಣೆಯಾದರೂ ಗೋಡೆ ಬಾಗಿಲು ಅಷ್ಟೇ. ಅಪ್ಪನ ವಿಷಯ ಕೇಳು. ಬೆಳಿಗ್ಗೆ ಕಾಫಿ ಲೋಟ ಹಿಡಿದು "ನಂದೀ, ರೇಟ್ ಓದಮ್ಮ" ಅಂತ ಅವರು ಕರೆಯುವುದು ನಿನಗೆ ನೆನಪಿದೆಯಲ್ಲ. ಕೊಬ್ಬರಿ ದರ ಓದುವುದೇನು ದೊಡ್ಡ ಕೆಲಸವಲ್ಲ, ಆದರೆ ಇಡೀ ದಿನದಲ್ಲಿ ಅಪ್ಪ ನನ್ನ ಜೊತೆ ಕೂರುತ್ತಿದ್ದದ್ದು ಆಗ ಮಾತ್ರ. ಅತ್ತಿಗೆ ಬಂದು, ಕಂಪ್ಯೂಟರ್ ಹಾಕಿದ ಕೂಡಲೇ ದರದ ಪುಟ ತಾನಾಗಿ ತೆರೆದುಕೊಳ್ಳುವ ಹಾಗೆ ಮಾಡಿದರು. ಕಂಟ್ರೋಲ್ ಗುಂಡಿ ಹಿಡಿದು ಪ್ಲಸ್ ಒತ್ತುತ್ತ ಹೋದರೆ ಅಕ್ಷರ ದಪ್ಪವಾಗುತ್ತದೆ ಅಂತ ತೋರಿಸಿದರು. ಮಾರನೇ ದಿನ ನಾನು ಹೋಗಿ ಪಕ್ಕದಲ್ಲಿ ಕೂತರೆ ಅಪ್ಪ "ಬೇಡ ಬಿಡು ಮಗಾ, ನಂಗೇ ಕಾಣ್ತದೆ" ಅಂದರು. ಪರದೆಯ ಮೇಲೆ ಒಂದೊಂದು ಅಂಕಿಯೂ ತೆಂಗಿನಕಾಯಿ ಗಾತ್ರಕ್ಕಿತ್ತು.

ಇನ್ನೊಂದು ದಿನ ಅತ್ತಿಗೆ ತಮಾಷೆಗೆ ಎಫ್ ಟ್ವೆಲ್ವ್ ಅಂತ ಒಂದು ಗುಂಡಿ ಒತ್ತಿ, ಆ ಪುಟದ ಹೊಟ್ಟೆಯೊಳಗೆ ಕೈಹಾಕಿ, ದರವನ್ನು ಎರಡರಷ್ಟು ಮಾಡಿಟ್ಟರು. ಅಪ್ಪ ನೋಡಿದವರೇ ಚಪ್ಪಲಿ ಮೆಟ್ಟಿಕೊಂಡು ಮಾರ್ಕೆಟ್ಟಿಗೆ ಹೊರಟೇಬಿಟ್ಟರು. ಗೇಟಿನವರೆಗೆ ಓಡಿಹೋಗಿ ಅತ್ತಿಗೆಯೇ ನಿಲ್ಲಿಸಿದರು. "ಮಾವ, ಅದು ನಮ್ಮ ಪರದೇಲಿ ಮಾತ್ರ ಬದಲಾಗಿದ್ದು. ಪುಟ ಮತ್ತೆ ತೆರೆದ್ರೆ ಹಳೇದೇ ಬರುತ್ತೆ." ನಾನು ಹಾಗೆ ಮಾಡಿದ್ದರೆ ಸಂಜೆಯವರೆಗೆ ಬೈಗುಳ ಕೇಳಬೇಕಿತ್ತು. ಅಪ್ಪ ಮೆಟ್ಟಿಲ ಮೇಲೆ ಕೂತು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಅಜ್ಜಿಯೂ ಆ ಪಕ್ಷವೇ. ಒಮ್ಮೆ ಅಜ್ಜಿ ಹರಿಕಥೆ ನೋಡುತ್ತಿದ್ದಾಗ ನಾನು ಕೈತಪ್ಪಿ ಆ ಟ್ಯಾಬನ್ನೇ ಮುಚ್ಚಿಬಿಟ್ಟೆ. ಅತ್ತಿಗೆ ಒಲೆಯ ಹತ್ತಿರದಿಂದ ಬಂದು, ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಕಂಟ್ರೋಲ್, ಶಿಫ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರು. ಮುಚ್ಚಿದ್ದು ವಾಪಸ್ಸು ಬಂತು. ಅಜ್ಜಿ ನನ್ನ ಕಡೆ ತಿರುಗಿ, "ಅದ್ಯಾವ್ದೋ ಎಂಎ ಅಂತ ಓದ್ದಲ್ಲೇ, ಓಡೋಗಿದ್ದನ್ನ ಕರ್ಕಂಬರಾಕೆ ನಿಂಗೆ ಬರಾಕಿಲ್ವಾ?" ಅಂದಳು. ಬೀದಿಗೆಲ್ಲ ಕೇಳುವ ಹಾಗೆ.

ಅತ್ತಿಗೆ ವೆಬ್‌ಸೈಟು ಕಟ್ಟುವ ಕೆಲಸ ಮಾಡುವುದನ್ನು ನಾನು ಹಿಂದೆ ಕೂತು ಎಷ್ಟೋ ಸಲ ನೋಡಿದ್ದೇನೆ. ಕಪ್ಪು ಪರದೆಯ ಮೇಲೆ ಬಣ್ಣಬಣ್ಣದ ಸಾಲುಗಳು. ಒಂದೆರಡು ಅಕ್ಷರ ಬರೆದು ಟ್ಯಾಬ್ ಗುಂಡಿ ಒತ್ತಿದರೆ ಹತ್ತು ಸಾಲು ಬಿಚ್ಚಿಕೊಳ್ಳುತ್ತದೆ. ಬೇರೆ ಬೇರೆ ಕಡೆ ಇರುವ ಒಂದೇ ಹೆಸರನ್ನೆಲ್ಲ ಒಟ್ಟಿಗೆ ಹಿಡಿದು ಒಂದೇ ಸಲಕ್ಕೆ ತಿದ್ದುತ್ತಾರೆ. ಬಲಗಡೆ ಪುಟ ತೆರೆದಿರುತ್ತದೆ, ಎಡಗಡೆ ತಿದ್ದಿ ಉಳಿಸಿದ ಕೂಡಲೇ ಬಲಗಡೆ ತಾನೇ ಹೊಸದಾಗುತ್ತದೆ. ಅದಕ್ಕೂ ಏನೋ ಒಂದು ಸಲಕರಣೆ ಹಾಕಿಕೊಂಡಿದ್ದಾರೆ. "ಮೊದ್ಲೆಲ್ಲ ಪ್ರತಿ ಸಲ ಎಫ್ ಫೈವ್ ಒತ್ತಿ ಪುಟ ಹೊಸದು ಮಾಡ್ಕೋಬೇಕಿತ್ತು ಕಣೇ ನಂದಿ. ಈಗ ಆ ಗುಂಡಿ ನಂಗೆ ಬೇಕಾಗೇ ಇಲ್ಲ" ಅಂದಿದ್ದರು. ಗೆಂಡೆಹಳ್ಳಿಯಲ್ಲಿ ಕನ್ನಡ ಶಾಲೆಯಲ್ಲೇ ಓದಿದವರು. ಆ ಬೆರಳುಗಳ ಓಟ ನೋಡಿದರೆ ನನ್ನ ಬೆರಳುಗಳು ಏನು ಮಾಡುತ್ತಿವೆ ಅನ್ನಿಸುತ್ತದೆ. ನನಗೂ ಕಲಿಸಿದರು, ಕಲಿಸಲಿಲ್ಲ ಅನ್ನುವ ಹಾಗಿಲ್ಲ. 'ಹಪೂ' ಅಂತ ಬರೆದರೆ 'ಹಳೇಬೀಡಿನ ದೇವಾಲಯದ ಪೂರ್ವದ ಗೋಡೆ' ಅಂತ ತಾನೇ ಮೂಡುವ ಹಾಗೆ ಮಾಡಿಕೊಟ್ಟರು. ಉಪಕಾರವೇ ಹೌದು. ಆದರೆ ನಾನು ಯೋಚಿಸಿ ಯೋಚಿಸಿ ಕೂಡಿಸಿದ ಮಾತು ಎರಡಕ್ಷರಕ್ಕೆ ಉದುರಿದಾಗ ಖುಷಿಯ ಜೊತೆ ಉರಿಯೂ ಆಯಿತು.

ಹಳೇಬೀಡಿನ ಗೈಡುಗಳ ವೆಬ್‌ಸೈಟಿನ ಕಥೆ ನಿನಗೆ ಅರ್ಧ ಗೊತ್ತು. ಉಮಾಶಂಕರ್ ಸಾರ್ ಅಲ್ಲಿ ಹಿರಿಯ ಗೈಡು. ಬೇಲೂರು, ಹಳೇಬೀಡು, ಹಾರನಹಳ್ಳಿ ಗುಡಿಗಳಲ್ಲಿ ಜನ ನೋಡದೆ ದಾಟಿಹೋಗುವ ಸಣ್ಣ ಕೆತ್ತನೆಗಳ ಬಗ್ಗೆ ಬರೆದುಕೊಡು ಅಂದರು. ಬರಹ ನನ್ನದು, ಸೈಟು ಅತ್ತಿಗೆಯದು. ಮಳೆಗಾಲವಿಡೀ ನಾನು ಬಸ್ಸು ಹತ್ತಿ ಹೋಗಿ, ಆನೆಗಳ ಸಾಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಯಾವ ಆನೆ ಸೊಂಡಿಲನ್ನು ಹೇಗೆ ಮಡಿಸಿದೆ ಅಂತ ನೋಡಿ ಬರೆದೆ. ನೀನು ಹಬ್ಬಕ್ಕೆ ಬರುವ ಹಿಂದಿನ ವಾರ ಅದನ್ನು ಎಲ್ಲರಿಗೂ ತೋರಿಸುವ ದಿನ. ಉಮಾಶಂಕರ್ ಸಾರ್ ಫೋನನ್ನು ಅಡ್ಡ ಹಿಡಿದರು, ಉದ್ದ ಹಿಡಿದರು. "ಮೇಡಂ, ಫೋನ್ ತಿರುಗಿಸ್ದಂಗೆ ಪುಟನೂ ಹೊಂದ್ಕತದಲ್ರೀ! ಬರೆಯೋದು ಹೆಂಗೋ ಯಾರಾದ್ರೂ ಬರೀತಾರೆ, ಇದನ್ನ ಮಾಡೋರು ಯಾರು?" ನಾನು ಅವರ ಪಕ್ಕದ ಕುರ್ಚಿಯಲ್ಲೇ ಇದ್ದೆ. ಅತ್ತಿಗೆ "ಅಯ್ಯೋ, ನಂದಿ ಬರ್ದಿರೋದನ್ನ ಓದಿ ಸಾರ್ ಮೊದ್ಲು" ಅಂದರು. ತನಗೆ ಸಿಕ್ಕಿದ ಹೊಗಳಿಕೆಯಲ್ಲಿ ನಮಗೊಂದು ತುಂಡು ಮುರಿದುಕೊಟ್ಟರೆ ಅದು ಇನ್ನೂ ಚುಚ್ಚುತ್ತದೆ, ಗೊತ್ತಾ? ಆಮೇಲೆ ಜನ ಹೊಗಳುತ್ತಲೇ ಇದ್ದರು, ಅತ್ತಿಗೆ ಮಾತ್ರ ತಲೆ ತಗ್ಗಿಸಿ ತಮ್ಮ ಫೋನು ನೋಡಿಕೊಳ್ಳುತ್ತಿದ್ದರು. ಎಷ್ಟು ಜಂಬ ಅಂದುಕೊಂಡೆ. ವಾಪಸ್ಸು ಬರುವಾಗ ಬಸ್ಸಿನಲ್ಲೂ ಅದೇ. ನೆಟ್‌ವರ್ಕ್ ಹೋದಾಗಲೆಲ್ಲ ಕಿಟಕಿಯಾಚೆ ಫೋನು ಚಾಚುತ್ತಿದ್ದರು. ನಾನು ಮುಖ ತಿರುಗಿಸಿಕೊಂಡು ಕೂತೆ.

ನಿನ್ನೆಯದು ಕೇಳಿದರೆ ನೀನೂ ನನ್ನ ಪರ ಆಗುತ್ತೀಯ. ಮಧ್ಯಾಹ್ನ ಅತ್ತಿಗೆ ಅಮ್ಮನ ಮಂಡಿಗೆ ಎಣ್ಣೆ ಹಚ್ಚಲು ಕೆಳಗೆ ಹೋಗಿದ್ದರು. ನಾನು ಅವರ ಲ್ಯಾಪ್‌ಟಾಪಿನಲ್ಲಿ ನನ್ನ ಬರಹ ತಿದ್ದುತ್ತಿದ್ದೆ. ಮೇಲೆ ಟ್ಯಾಬುಗಳು ಸಂತೆಯ ಹಾಗೆ ತುಂಬಿದ್ದವು. ನನಗೂ ಇದೆಲ್ಲ ಬರುತ್ತದೆ ಅಂತ ತೋರಿಸಬೇಕೆನ್ನಿಸಿ, ಕಂಟ್ರೋಲ್ ಡಬ್ಲ್ಯು ಒತ್ತುತ್ತ ಬೇಡದ್ದನ್ನೆಲ್ಲ ಮುಚ್ಚಿದೆ. ಎಡತುದಿಯಲ್ಲಿ ಒಂದು ಪುಟಾಣಿ ಟ್ಯಾಬಿತ್ತು. ಹೆಸರಿಲ್ಲ, ಬರೀ ಚುಕ್ಕಿಯಂಥ ಚಿತ್ರ. ಅದನ್ನೂ ಮುಚ್ಚಿದೆ. ಅತ್ತಿಗೆ ಬಂದರು, ನೋಡಿದರು, ಮುಖ ಬಿಳಿಚಿತು. "ಅದನ್ಯಾಕೆ ಮುಚ್ಚಿದೆ? ನನ್ನೊಂದು ಮಾತು ಕೇಳ್ಬಾರ್ದಾ ನಂದಿ?" ಆ ದನಿ ನಾನು ಕೇಳಿಯೇ ಇರಲಿಲ್ಲ. ನನ್ನನ್ನು ಕುರ್ಚಿಯಿಂದ ಎಬ್ಬಿಸಿ, ಅದೇ ಮೂರು ಗುಂಡಿಗಳನ್ನು ಮತ್ತೆ ಮತ್ತೆ ಒತ್ತಿ, ಅದು ಬಂದ ಕೂಡಲೇ ಪರದೆಯನ್ನು ನನ್ನಿಂದ ಆಚೆ ತಿರುಗಿಸಿಕೊಂಡರು. ಆಮೇಲೆ "ಸಾರಿ ಕಣೇ" ಅಂದರು. ನಾನು ಕೆಳಗಿಳಿದು ಬಂದೆ. ಎಲ್ಲರ ಮುದ್ದಿನ ಸೊಸೆಗೆ ನನ್ನ ಮೇಲೆ ಮಾತ್ರ ಸಿಟ್ಟು. ಸಂಜೆ ದೀಪ ಹಚ್ಚುವಾಗಲೇ ನಿನಗೆ ಬರೆಯಬೇಕಾದ ಸಾಲು ಮನಸ್ಸಿನಲ್ಲಿ ತಿರುಗುತ್ತಿತ್ತು.

ಈ ದಿನ ಅಮ್ಮನೂ ಅತ್ತಿಗೆಯೂ ಹಾರನಹಳ್ಳಿಗೆ ಒಂದು ನಾಮಕರಣಕ್ಕೆ ಹೋಗಿದ್ದಾರೆ. ಮೇಜು ಒರೆಸಲು ನಾನೊಬ್ಬಳೇ ಮೇಲೆ ಹೋದೆ. ಆಗ ಕಂಡದ್ದು ಆ ಸವೆದ ಗುಂಡಿ. ಬೇಕಾಗೇ ಇಲ್ಲ ಅಂದ ಗುಂಡಿ ಇಷ್ಟು ಸವೆಯುವುದು ಹೇಗೆ? ಅವರ ಕೆಲಸದ ಪುಟಗಳು ತಾವೇ ಹೊಸದಾಗುತ್ತವೆ. ಹಾಗಾದರೆ ತಾನಾಗಿ ಹೊಸದಾಗದ ಯಾವುದೋ ಒಂದು ಪುಟವನ್ನು ಇವರು ದಿನವಿಡೀ ಒತ್ತಿ ಒತ್ತಿ ನೋಡುತ್ತಿದ್ದಾರೆ. ಲ್ಯಾಪ್‌ಟಾಪ್ ತೆರೆದೇ ಇತ್ತು. ಎಡತುದಿಯ ಆ ಪುಟಾಣಿ ಟ್ಯಾಬು ಮೊದಲಿದ್ದಲ್ಲೇ ಕೂತಿತ್ತು. ಬಿಡಬೇಕಿತ್ತು, ಬಿಡಲಿಲ್ಲ. ತೆರೆದೆ.

ರೈಲು ಎಲ್ಲಿದೆ ಅಂತ ತೋರಿಸುವ ಪುಟ, ಅಣ್ಣಾ. ನೀನು ಓಡಿಸುವ ವಿಜಯಪುರದ ಗಾಡಿ. ಗದಗ ಬಿಟ್ಟಿದೆ ಅಂತಿತ್ತು. ಗಾಡಿಯಲ್ಲಿರುವಾಗ ನಿನ್ನ ಫೋನ್ ಆಫ್ ಇರಬೇಕೆಂಬ ನಿಯಮ. ಅಷ್ಟು ಹೊತ್ತೂ ನಿನ್ನ ಸುದ್ದಿ ತಿಳಿಯಲು ಅವರಿಗಿರುವುದು ಆ ಒಂದು ಪುಟ, ಆ ಒಂದು ಗುಂಡಿ. ನಾನೂ ಒತ್ತಿದೆ. ಪುಟ ಒಮ್ಮೆ ಬೆಳ್ಳಗಾಗಿ ಮತ್ತೆ ಬಂತು, ಗದಗವೇ. ಇನ್ನೊಮ್ಮೆ ಒತ್ತಿದೆ. ಮಲ್ಲಾಪುರ, ಬಾದಾಮಿ ಅಂತ ಮುಂದಿನ ಊರುಗಳ ಹೆಸರು ಓದುತ್ತ, ಬಟ್ಟೆಯನ್ನು ಕೈಯಲ್ಲೇ ಹಿಡಿದು ಕುರ್ಚಿಯ ಮೇಲೆ ಕೂತುಬಿಟ್ಟಿದ್ದೆ. ಬಾದಾಮಿ ಬಂತು ಅಂತ ತೋರಿಸಿದಾಗ ನನಗೂ ಉಸಿರು ಸಲೀಸಾಯಿತು. ಹಳೇಬೀಡಿಗೆ ಹೋದ ದಿನ ನಿನ್ನ ಗಾಡಿ ಮಳೆಗೆ ಸಿಕ್ಕಿ ದಾರಿಯಲ್ಲೇ ಬಹಳ ಹೊತ್ತು ನಿಂತಿತ್ತು ಅಂತ ಮಾರನೇ ದಿನ ನೀನೇ ಹೇಳಿದ್ದೆ. ಜಂಬವಲ್ಲ ಅದು. ಗೋಡೆಯ ಮೇಲಿನ ಆನೆಗಳನ್ನು ಅಷ್ಟು ದಿನ ಕೂತು ನೋಡಿದವಳಿಗೆ ಪಕ್ಕದ ಸೀಟಿನಲ್ಲಿದ್ದವರ ಮುಖ ನೋಡಲು ಬರಲಿಲ್ಲ.

ನೋಡಿ ಹೇಳು ಅಂದಿದ್ದೆ, ಕಂಡದ್ದಿಷ್ಟು. ಬಸ್ಸಿನಿಂದ ಅವರು ಇಳಿಯುವ ಹೊತ್ತಾಯಿತು, ನಾನು ಮೇಜಿನಿಂದ ಏಳಬೇಕು. ಅಪ್ಪ ಅಮ್ಮನ ಆಶೀರ್ವಾದ ನಿನ್ನ ಮೇಲಿರಲಿ. ಅಜ್ಜಿ ನಿನ್ನ ತಲೆ ನೇವರಿಸಿದ್ದಾಳೆ ಅಂತ ತಿಳಿದುಕೋ. ಕಷಾಯ ಕುಡಿ.

ನಿನ್ನ ತಂಗಿ,
ನಂದಿತಾ

ತಾ.ಕ.: ಸ್ಟೇಷನ್ನಿನ ಅಂಚೆ ಡಬ್ಬಿಯ ಹತ್ತಿರ ನಿಂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡ. ಕ್ವಾರ್ಟರ್ಸ್ ಬೇಕು ಅಂತ ಹೇಳಿಬಿಡು. ನಿನ್ನೆಯೂ ಇದನ್ನೇ ಬರೆಯುವವಳಿದ್ದೆ, ಕಾರಣ ಬೇರೆ ಇತ್ತು. ಅಮ್ಮನ ಮಂಡಿಗೆ ಎಣ್ಣೆ ನಾನು ಹಚ್ಚುತ್ತೇನೆ, ಅವಳ ಕಣ್ಣೀರಿಗೂ ನಾನೇ ಇರುತ್ತೇನೆ. ಹೊಟ್ಟೆಕಿಚ್ಚು ಹೋಯಿತು ಅಂತ ತಿಳಿಯಬೇಡ, ಈಗ ಅದು ನಿನ್ನ ಕಡೆ ತಿರುಗಿದೆ. ನನಗೋಸ್ಕರ ಒಂದು ಗುಂಡಿ ಸವೆಸುವವರು ಯಾರಿದ್ದಾರೆ ಹೇಳು. ಈ ಕಾಗದದ ವಿಷಯ ಅತ್ತಿಗೆಗೆ ಹೇಳಬೇಡ. ಅವರು ಹೋದ ಮೇಲೂ ನಾನು ಮಹಡಿಗೆ ಹೋಗುವುದಿಲ್ಲ. ಕೋಣೆ ಅವರದಾಗಿಯೇ ಇರಲಿ, ಹಬ್ಬಕ್ಕೆ ಬಂದಾಗ ಬೇಕಾಗುತ್ತದೆ. ನನ್ನ ಪುಸ್ತಕಗಳು ಅಕ್ಕಿ ಡ್ರಮ್ಮಿನ ಮೇಲೆಯೇ ಇರುತ್ತವೆ.