ರೆಕ್ಕೆಯ ತುದಿಯ ಕತ್ತಲು

ಚಾಮರಾಜಪೇಟೆ, ಬೆಂಗಳೂರು
೯ ನವೆಂಬರ್ ೨೦೨೫, ಭಾನುವಾರ

ಪ್ರೀತಿಯ ಅಮ್ಮಾ,

ಹೇಗಿದ್ದೀಯ? ಮೊಣಕಾಲು ನೋವು ಕಡಿಮೆಯಾಯಿತೆ? ರಾತ್ರಿಯೆಲ್ಲ ಕಾಂಕ್ರೀಟಿನ ಮೇಲೆ ನಿಂತು ಬಂದವಳು ಬಿಸಿನೀರಿನಲ್ಲಿ ಕಾಲಿಡದೆ ಹಾಗೇ ಮಲಗಿಬಿಡುತ್ತೀಯ ಎಂದು ಅಜ್ಜಿಗೆ ಅನುಮಾನ, ನನಗೆ ಖಾತ್ರಿ. ಗೋವಾದಲ್ಲಿ ಸೆಕೆ ಇಳಿದಿದೆಯೆ? ನಾನಂತೂ ಚೆನ್ನಾಗಿದ್ದೇನೆ, ತೂಕ ಕೂಡ ಏರಿದೆ. ಅಜ್ಜಿಯ ಬಿಪಿ ಸರಿಯಿದೆ, ಬಾಯಿ ಅದಕ್ಕಿಂತ ಸರಿಯಿದೆ. ನಿನ್ನ ತಮ್ಮ, ಅಂದರೆ ನಮ್ಮ ಮುನಿಕೃಷ್ಣ ಮಾವ, ತರಕಾರಿ ಅಂಗಡಿಗೆ ಪಕ್ಕದ ಮಳಿಗೆಯನ್ನೂ ಸೇರಿಸಿಕೊಂಡಿದ್ದಾರೆ. ಈಗ ಸೊಪ್ಪಿಗೆ ಒಂದು ಗೋಡೆ, ಗೆಡ್ಡೆಗಳಿಗೆ ಇನ್ನೊಂದು ಗೋಡೆ. ಖುಷಿಯಲ್ಲಿ ಮೀಸೆಗೆ ಡೈ ಬೇರೆ ಹಚ್ಚಿಕೊಂಡಿದ್ದಾರೆ; ನೀನು ಬಂದಾಗ ನೋಡಿ ನಗಬೇಡ, ನಾನು ನಕ್ಕು ಬೈಸಿಕೊಂಡಾಗಿದೆ.

ಫೋನ್ ಇದ್ದೂ ಇವಳಿಗೇಕೆ ಪತ್ರ ಅಂದುಕೊಳ್ಳಬೇಡ. ಫೋನಿನಲ್ಲಿ ನೀನು ‘ಚೆನ್ನಾಗಿದೀನಿ ಪುಟ್ಟಾ’ ಅನ್ನುತ್ತೀಯ, ನಾನು ‘ನಾನೂನು’ ಅನ್ನುತ್ತೇನೆ, ಅಲ್ಲಿಗೆ ಇಬ್ಬರ ಸುಳ್ಳೂ ಮುಗಿಯುತ್ತದೆ. ಹಾಸ್ಟೆಲ್ಲಿನಲ್ಲಿ ಭಾನುವಾರ ಭಾನುವಾರ ಬರೆಸುತ್ತಿದ್ದ ಪತ್ರಗಳೂ ಅಂಥವೇ. ‘ಡಿಯರ್ ಮದರ್, ಐ ಆಮ್ ಫೈನ್’ ಎಂದು ವಾರ್ಡನ್ ಬೋರ್ಡಿನ ಮೇಲೆ ಬರೆಯುತ್ತಿದ್ದರು, ನಾವು ಸಾಲಾಗಿ ಕೂತು ಇಳಿಸಿಕೊಳ್ಳುತ್ತಿದ್ದೆವು. ಜ್ವರ ಬಂದಿದ್ದ ವಾರವೂ ನಾನು ನಿನಗೆ ಫೈನ್ ಎಂದೇ ಬರೆದಿದ್ದೇನೆ. ಕನ್ನಡದಲ್ಲಿ, ನನಗೆ ತೋಚಿದ್ದನ್ನು, ಬರೆಯುತ್ತಿರುವುದು ಇದೇ ಮೊದಲು. ಒತ್ತಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ನೀನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಮೂರು ಸಲ ವಿಷಯ ತಿರುಗಿಸಿದ್ದೇನೆ ಅಂತ ನಿನಗೂ ಗೊತ್ತು. ನೀನು ಬೆಂಗಳೂರಿಗೆ ವಾಪಸ್ ಬಂದು ಇಲ್ಲಿನ ಏರ್‌ಪೋರ್ಟಿನಲ್ಲಿ ಹಗಲು ಹೊತ್ತು ಲಗೇಜ್ ಕೌಂಟರಿನಲ್ಲಿ ಕೂರಬಹುದು. ಇಲ್ಲವೆ ಅಲ್ಲೇ ಇದ್ದು, ಇಷ್ಟು ದಿನ ಎಲ್ಲೂ ತಗುಲದ ಹಾಗೆ ಕಾಯುತ್ತ ರೆಕ್ಕೆಯ ಪಕ್ಕ ನಡೆಯುತ್ತಿದ್ದವಳು ಇನ್ನು ವಿಮಾನದ ಎದುರಿಗೇ ನಿಂತು ದಾರಿ ತೋರಿಸಬಹುದು, ಎರಡು ವರ್ಷ, ಎಲ್ಲ ರಾತ್ರಿ ಪಾಳಿಯೇ. ತಿಂಗಳ ಕೊನೆಯೊಳಗೆ ನಿನ್ನ ಮೇಲಧಿಕಾರಿ ಶೈಲಜಮ್ಮ ಮೇಡಂಗೆ ಹೇಳಬೇಕು. ‘ನೀನ್ ಏನಂತೀಯೋ ಅದೇ ಫೈನಲ್’ ಎಂದು ನೀನು ನನಗೆ ಹೇಳಿಬಿಟ್ಟೆ. ನನ್ನ ತಲೆಯ ಮೇಲೆ ಇಷ್ಟು ಭಾರ ಹೇರಿ ನೀನು ಹಾಯಾಗಿ ಡ್ಯೂಟಿಗೆ ಹೋದೆ. ಅಪ್ಪ ತೀರಿಕೊಂಡ ಮೇಲೆ ನನಗೆ ಇರುವವಳು ನೀನೊಬ್ಬಳು. ಹೊಸ ಕೆಲಸದ ಬಗ್ಗೆ ಹೇಳುವಾಗ ನಿನ್ನ ಧ್ವನಿ ಚಿಕ್ಕ ಹುಡುಗಿಯ ಧ್ವನಿಯ ಹಾಗಾಗುತ್ತದೆ, ಕೌಂಟರಿನ ಬಗ್ಗೆ ಹೇಳುವಾಗ ‘ಸೇಫು, ಹತ್ತಿರ’ ಅನ್ನುತ್ತೀಯ ಅಷ್ಟೆ. ಅದು ಕೇಳಿಸಲಿಲ್ಲ ಅಂತ ನಾನು ನಟಿಸುತ್ತಿದ್ದೆ.

ಕಾಲೇಜಿನಲ್ಲಿ ಐದು ನಿಮಿಷ ಮಾತಾಡಲು ಒಂದು ವಿಷಯ ಆರಿಸಿಕೊಳ್ಳಿ ಅಂದರು. ಬೇರೆಯವರು ಕ್ರಿಕೆಟ್, ಕಾಫಿ ಅಂತ ತೆಗೆದುಕೊಂಡರೆ ನಾನು ಕತ್ತಲಾದ ಮೇಲೆ ನೆಲದ ಮೇಲೆ ಓಡಾಡುವ ವಿಮಾನಗಳ ಅಪಾಯ ಅಂತ ತೆಗೆದುಕೊಂಡೆ. ಹಾರುವುದಲ್ಲ, ಉರುಳುವುದು. ದೊಡ್ಡ ವಿಮಾನದ ಪೈಲಟ್‌ಗೆ ತನ್ನ ರೆಕ್ಕೆಯ ತುದಿ ಕೂತಲ್ಲಿಂದ ಕಾಣುವುದೇ ಇಲ್ಲವಂತೆ. ಒದ್ದೆ ನೆಲದ ಮೇಲೆ ನೀಲಿ ದೀಪ, ಹಸಿರು ದೀಪ ಎಲ್ಲ ಕಲಸಿಹೋಗಿ ತಿರುವು ತಪ್ಪುತ್ತದಂತೆ. ನಿಂತಿರುವ ವಿಮಾನದ ಬಾಲಕ್ಕೆ ಇನ್ನೊಂದರ ರೆಕ್ಕೆ ತಗುಲಿದರೆ ಒಳಗೆ ಕೂತವರಿಗೆ ಸಣ್ಣ ಕುಲುಕಾಟ ಅಷ್ಟೆಯಂತೆ. ಹೊರಗೆ ನಿಂತವರ ಬಗ್ಗೆ ಓದಿ ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಎಂಜಿನ್ನಿನ ಹಿಂದಿನ ಗಾಳಿ ಮನುಷ್ಯರನ್ನು ಎತ್ತಿ ಎಸೆಯುತ್ತದೆ ಅಂತ ನೀನು ಯಾವತ್ತೂ ಹೇಳಿರಲಿಲ್ಲ. ಕ್ಲಾಸಿನಲ್ಲಿ ಹೇಗೋ ಹೇಳಿ ಮುಗಿಸಿದೆ. ನನ್ನ ಫ್ರೆಂಡ್ ವಿಶಾಖಾ ‘ಮಚ್ಚಾ, ನಾನಿನ್ನು ಎಲ್ಲಿಗ್ ಹೋದ್ರೂ ರೈಲೇ’ ಅಂದಳು. ಮೇಷ್ಟ್ರು ಒಳ್ಳೆಯ ಮಾರ್ಕ್ಸ್ ಕೊಟ್ಟರು. ನಾನು ಮನೆಗೆ ಬಂದು, ಅಮ್ಮನಿಗೆ ಕೌಂಟರೇ ಸರಿ ಅಂತ ತೀರ್ಮಾನ ಮಾಡಿಕೊಂಡೆ.

ಮೊನ್ನೆ ಶುಕ್ರವಾರ ರಾತ್ರಿಯ ಕಥೆ ಕೇಳು. ನಗರ್ತಪೇಟೆಯಲ್ಲಿ ಯಾವುದೋ ಅಂಗಡಿ ಮುಚ್ಚುತ್ತಿತ್ತು ಅಂತ ಮಾವ ಎರಡು ಕಬ್ಬಿಣದ ರ‍್ಯಾಕ್ ತಂದರು. ಉದ್ದಕ್ಕೆ ಹಿಡಿಸದೆ ಗೂಡ್ಸ್ ಗಾಡಿಗೆ ಅಡ್ಡ ಕಟ್ಟಿಸಿದ್ದರು, ಎರಡೂ ಕಡೆ ರೆಕ್ಕೆಯ ಹಾಗೆ ಚಾಚಿಕೊಂಡಿದ್ದವು. ನಮ್ಮ ಸಂದಿಯಲ್ಲಿ ಗಾಡಿ ರಿವರ್ಸ್ ಬರಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಬೀದಿ ನಿನಗೆ ಗೊತ್ತಲ್ಲ, ಗಾಡಿ ಹಿಂದೆ ಬಂದರೆ ಊರೆಲ್ಲ ಟ್ರಾಫಿಕ್ ಪೊಲೀಸ್. ಟೈಲರ್ ಶಂಭುಲಿಂಗಪ್ಪನವರು ‘ಬರ್ಲಿ ಬರ್ಲಿ ಬರ್ಲಿ’, ಎದುರುಮನೆ ಅನಿಲ್ ಕುಮಾರ್ ‘ಲೆಫ್ಟ್ ಕಟ್ ಮಾಡಿ’, ಇನ್ಯಾರೋ ‘ಲೆಫ್ಟ್ ಅಲ್ಲ ರೀ, ರೈಟು’. ಗಾಡಿ ಓಡಿಸುತ್ತಿದ್ದ ಮಾವ ಎಲ್ಲರ ಮಾತನ್ನೂ ಸ್ವಲ್ಪ ಸ್ವಲ್ಪ ಕೇಳಿದರು. ರ‍್ಯಾಕಿನ ತುದಿ ನಮ್ಮ ಕಾಂಪೌಂಡಿನ ಗಾರೆಯನ್ನು ಕೆರೆದುಕೊಂಡು ಬಂತು. ಮಾವ ಇಳಿದು ‘ಒಬ್ರು ಹೇಳ್ರಪ್ಪಾ. ಐದ್ ಜನ ಹೇಳಿದ್ರೆ ನಾನ್ ಯಾರ್ ಮಾತ್ ಕೇಳ್ಲಿ?’ ಎಂದು ಕೂಗಿ, ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ‘ತೇಜು, ಬಾ ಇಲ್ಲಿ. ನಿಮ್ಮಮ್ಮನ್ ಕೆಲ್ಸ ತಾನೆ, ನೀನೇ ಮಾಡು. ಬೇರೆಯೋರೆಲ್ಲ ಬಾಯ್ ಮುಚ್ಕೊಳ್ಳಿ.’

ನನ್ನ ಫೋನು ಒಂದು ಕೈಯಲ್ಲಿ, ಅಜ್ಜಿಯ ಫೋನು ಇನ್ನೊಂದು ಕೈಯಲ್ಲಿ, ಎರಡರದ್ದೂ ಟಾರ್ಚ್ ಹಾಕಿಕೊಂಡು, ಮಾವನ ಕನ್ನಡಿಯಲ್ಲಿ ಕಾಣುವ ಹಾಗೆ ಹಿಂದೆ ನಿಂತೆ. ‘ಏನಮ್ಮಾ ತೇಜಸ್ವಿನಿ, ಏರೋಪ್ಲೇನ್ ಇಳಿಸ್ತಿದೀಯಾ’ ಎಂದು ಶಂಭುಲಿಂಗಪ್ಪನವರು ನಕ್ಕರು. ಕೈ ಮೇಲೆತ್ತಿ ಮೆಲ್ಲಗೆ ಬೀಸಿದೆ. ಗಾಡಿ ಬಂತು. ಇನ್ನೇನು ತಿರುವು ಮುಗಿಯಬೇಕು, ಎಡಗಡೆಯ ತುದಿಯ ಹತ್ತಿರ ಕತ್ತಲಲ್ಲಿ ಏನೋ ಬೆಳ್ಳಗೆ ಕಂಡಿತು. ಬಟ್ಟೆಯೋ ಮನುಷ್ಯರೋ ಗೊತ್ತಾಗಲಿಲ್ಲ. ಎರಡೂ ಟಾರ್ಚನ್ನು ತಲೆಯ ಮೇಲೆ ಕತ್ತರಿಯ ಹಾಗೆ ಅಡ್ಡ ಹಿಡಿದೆ. ಮಾವ ತಕ್ಷಣ ನಿಲ್ಲಿಸಿದರು. ‘ಜಾಗ ಇದೆ, ಬರ್ಲಿ’ ಎಂದು ಅನಿಲ್ ಕುಮಾರ್ ಕೂಗಿದರೂ ನಾನು ಕೈ ಇಳಿಸಲಿಲ್ಲ, ಮಾವ ಬ್ರೇಕಿನಿಂದ ಕಾಲು ತೆಗೆಯಲಿಲ್ಲ. ಹೋಗಿ ನೋಡಿದರೆ ಸ್ಕೂಟರಿಗೆ ಹೊದಿಸಿದ್ದ ಹಳೇ ಪಂಚೆ, ಅದೂ ಮೊಳದಷ್ಟು ಆಚೆ. ಎಲ್ಲರೂ ನಕ್ಕರು. ‘ಪಂಚೆಗೆ ಇಷ್ಟ್ ಹೆದ್ರಿದ್ರೆ ಹೆಂಗಮ್ಮಾ’ ಅಂದರು. ಮಾವ ಮಾತ್ರ ಕಿಟಕಿಯಿಂದ ತಲೆ ಹಾಕಿ ‘ಗೊತ್ತಾಗ್ಲಿಲ್ಲ ಅಂದ್ರೆ ನಿಲ್ಸೋದೇ. ಈಗ ಹೇಳು, ಬರ್ಲಾ?’ ಅಂದರು. ಬನ್ನಿ ಅಂದೆ. ಗಾಡಿ ಸಲೀಸಾಗಿ ಬಂದು ಅಂಗಡಿಯ ಬಾಗಿಲಿಗೆ ನಿಂತಿತು.

ಮನೆಯೊಳಗೆ ಬಂದು ನೋಡಿದರೆ ಅಜ್ಜಿ ದೇವರ ಮುಂದೆ ದೀಪ ಹಚ್ಚಿಕೊಂಡು ಕೂತಿದ್ದರು. ‘ಗಾಡಿ ಹಿಂದೆ ಯಾಕೆ ನಿಂತ್ಕೊಂಡೆ, ನನ್ ಜೀವ ಬಾಯಿಗ್ ಬಂದಿತ್ತು’ ಎಂದು ಬೈದರು. ನನಗೆ ಆಗಲೇ ಹೊಳೆದದ್ದು. ನಿಂತಿದ್ದಷ್ಟು ಹೊತ್ತು ನನಗೆ ಭಯವೇ ಆಗಿರಲಿಲ್ಲ. ಪ್ರಶ್ನೆ ಕೇಳಿದರೆ ಬೆವರುವವಳು ನಾನು, ಬಸ್ಸು ತಪ್ಪೀತೆಂದು ಮುಕ್ಕಾಲು ಗಂಟೆ ಮೊದಲೇ ಮೆಜೆಸ್ಟಿಕ್ಕಿನಲ್ಲಿ ಹೋಗಿ ನಿಲ್ಲುವವಳು. ಆದರೆ ಅಲ್ಲಿ ಎಡಗಡೆ, ಬಲಗಡೆ, ಮಾವನ ಚಕ್ರ, ಇಷ್ಟರಲ್ಲೇ ತಲೆ ತುಂಬಿಹೋಗಿತ್ತು, ಭಯಕ್ಕೆ ಜಾಗವಿರಲಿಲ್ಲ. ಭಯವೆಲ್ಲ ಒಳಗೆ ಕೂತ ಅಜ್ಜಿಯ ಪಾಲಿಗೆ ಬಂದಿತ್ತು. ನಾನು ಲ್ಯಾಪ್‌ಟಾಪಿನಲ್ಲಿ ಓದಿದ್ದರಲ್ಲಿ ಅಪಾಯದ ಪಟ್ಟಿ ಇತ್ತು; ಕೈ ಅಡ್ಡ ಹಿಡಿದರೆ ಅಷ್ಟು ದೊಡ್ಡ ಯಂತ್ರ ನಿಲ್ಲುತ್ತದೆ ಅನ್ನುವುದೂ ಅಲ್ಲೇ ಇತ್ತು, ನಾನದನ್ನು ಓದಿಕೊಂಡು ಮುಂದೆ ಹೋಗಿಬಿಟ್ಟಿದ್ದೆ. ಜನ ನಗುತ್ತಿರುವಾಗಲೂ ಕೈ ಇಳಿಸದೆ ನಿಲ್ಲುವುದೇ ಕೆಲಸ ಅಂತ ಗೊತ್ತಿರಲಿಲ್ಲ. ಅದು ಎಷ್ಟು ಚೆನ್ನಾಗಿರುತ್ತದೆ ಅಂತಲೂ ನೀನು ಹೇಳಿರಲಿಲ್ಲ, ಕಳ್ಳಿ.

ಇನ್ನೇನು ಬರೆಯಲಿ. ಕಾಂಪೌಂಡಿನ ಗಾರೆಗೆ ಮಾವ ಸಿಮೆಂಟ್ ಮೆತ್ತಿದ್ದಾರೆ, ನೋಡಲು ಅಸಹ್ಯವಾಗಿದೆ. ವೇಳೆಗೆ ಸರಿಯಾಗಿ ಊಟ ಮಾಡು. ಶೈಲಜಮ್ಮ ಮೇಡಂಗೆ ನನ್ನ ನಮಸ್ಕಾರ ತಿಳಿಸು. ಅಜ್ಜಿಯ ಆಶೀರ್ವಾದ, ಮಾವನ ನೆನಪು, ನನ್ನದು ಒಂದು ದೊಡ್ಡ ಅಪ್ಪುಗೆ.

ನಿನ್ನ ಮಗಳು,
ತೇಜು

ತಾ.ಕ.: ಮಾವ ಕವರಿಗೆ ಗೋಂದು ಹಚ್ಚಿಕೊಂಡು ಕಾಯುತ್ತಿದ್ದಾರೆ, ಬೇಗ ಬರೆಯುತ್ತೇನೆ. ಅಮ್ಮಾ, ಕೌಂಟರ್ ಬೇಡ. ವಿಮಾನದ ಎದುರಿಗೆ ನಿಲ್ಲುವುದಕ್ಕೆ ಒಪ್ಪಿಕೋ. ಅಜ್ಜಿಗೆ ನಾನೇ ಹೇಳಿದೆ. ‘ತಾಯೀ ಮಗ್ಳೂ ಸೇರಿ ನನ್ನ ಸಾಯಿಸ್ತೀರ’ ಎಂದು ಗೊಣಗಿ, ಆಮೇಲೆ ಎದ್ದು ನಿನಗೆ ಕಳಿಸಲು ಚಟ್ನಿಪುಡಿಗೆ ಕಡಲೆಬೇಳೆ ಹುರಿದರು. ನನಗೆ ಭಯ ಪೂರ್ತಿ ಹೋಗಿದೆ ಅಂದುಕೊಳ್ಳಬೇಡ, ಹೋಗಿಲ್ಲ. ಅದನ್ನು ಇಟ್ಟುಕೊಂಡೇ ಹೂಂ ಅನ್ನುತ್ತಿದ್ದೇನೆ. ನೀನೂ ಹೂಂ ಅನ್ನು.