ಗೊನೆಗೆ ಮುಂಚಿನ ನಾರು

ಕ್ರಿ.ಶ. ೨೨೯೧, ಉಪ್ಪುಮಾಸ, ಮೂವತ್ತಮೂರನೇ ದಿನ
ಮೂರನೇ ತೇಲುನೆಲ

ಹಿಂದಿನ ಕಾಲದ ಹಿರಿಯರಿಗೆ ಮರಿಸಿದ್ದಮ್ಮ ಮಾಡುವ ನಮಸ್ಕಾರಗಳು.

ನನ್ನ ಅಕ್ಷರ ಸೊಟ್ಟ, ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು, ಮನ್ನಿಸಬೇಕು. ನಾನು ಓದಿದ್ದು ನಾಲ್ಕನೇ ಕ್ಲಾಸು. ಮೇಲಿನ ತಾರೀಖು ನೋಡಿ ಗಾಬರಿಯಾಗಬೇಡಿ. ಕಡಲು ಏರಿ ಗುರುತುಗಂಬವನ್ನು ಮುಟ್ಟಿದಾಗಲೇ ನಮ್ಮ ತಿಂಗಳು ಮುಗಿಯುವುದು. ತೇಲುನೆಲ ಎಂದರೆ ನೀರಿನ ಮೇಲೆ ಚಾಪೆಯಂತೆ ಹಾಸಿದ ಗದ್ದೆ. ಅದು ಚದುರದಂತೆ ಬಾಳೆನಾರಿನ ಹಗ್ಗ ಹೊಸೆದು ಬಿಗಿಯುವುದು ನಮ್ಮ ಕೆಲಸ. ಇಲ್ಲಿರುವುದು ಇಬ್ಬರೇ, ನಾನು ಮತ್ತು ಜಪಾನಿನ ತೆಂಕಣ ದ್ವೀಪದಿಂದ ಬಂದ ಕಮೇ ಅಜ್ಜಿ. ಮುಂದೆ ಬರುವವರಿಗೆ ಬರೆಯೋಣವೆಂದರೆ ಅವರಿನ್ನೂ ಹುಟ್ಟಿಲ್ಲ. ನೀವಾದರೆ ಇದ್ದವರು ಎಂಬ ಧೈರ್ಯ ನನಗೆ.

ನಿಮ್ಮ ಕಾಲದಲ್ಲಿ ನಮ್ಮ ನಾಡಿನಲ್ಲಿ ಬಾಳೆನಾರು ಹೂ ಕಟ್ಟಲು ಆಗುತ್ತಿತ್ತಂತೆ. ಒಣಗಿದ ಪಟ್ಟೆಯನ್ನು ನೀರಿನಲ್ಲಿ ನೆನೆಸಿ, ಉಗುರಿನಲ್ಲಿ ಸೀಳಿ, ಮಲ್ಲಿಗೆ ಕಟ್ಟಿ ಮುಡಿಯುವುದು. ಸಂಜೆಗೆ ಹೂ ಬಾಡಿದರೆ ನಾರೂ ತಿಪ್ಪೆಗೆ. ಅಜ್ಜಿಯ ದ್ವೀಪದಲ್ಲಿ ಅದೇ ನಾರನ್ನು ಬೂದಿನೀರಿನಲ್ಲಿ ಕುದಿಸಿ, ಎಳೆಗೆ ಎಳೆ ಗಂಟು ಹಾಕಿ ಬಟ್ಟೆ ನೇಯುತ್ತಿದ್ದರು. ತಾಯಿ ಉಟ್ಟಿದ್ದನ್ನು ಮಗಳು ಉಡುವಷ್ಟು ಕಾಲ ಅದು ಬಾಳುತ್ತಿತ್ತು. ಈಗ ತಿರುವುಮುರುವಾಗಿದೆ. ನಮ್ಮಲ್ಲಿ ಹೂ ಮುಡಿಯುವವರಿಲ್ಲ, ನಾರು ಗದ್ದೆಗಳನ್ನೇ ಹಿಡಿದು ನಿಲ್ಲಿಸುವ ಹಗ್ಗವಾಗಿದೆ. ಅವರಲ್ಲಿ ಬಟ್ಟೆ ಕುಗ್ಗಿ ಕುಗ್ಗಿ ಕೂಸಿನ ಮೊದಲ ಹೊದಿಕೆಯೊಂದೇ ಉಳಿದಿದೆ. ಅದನ್ನು ಅಜ್ಜಿಯಾದವಳೇ ನೇಯ್ದು, ತಾನೇ ಒಯ್ದು ಹೊದಿಸಬೇಕು.

ಅಜ್ಜಿ ಕನ್ನಡ ಕಲಿತದ್ದು ನನ್ನಿಂದ, ಹಾಗಾಗಿ ಅವಳ ಮಾತೂ ನಮ್ಮೂರ ಮಾತೇ. ಹಗ್ಗ ಹೊಸೆಯುತ್ತಾ ಕೆಣಕುತ್ತಾಳೆ.

"ನಿಮ್ಮೋರು ಹಣ್ಣು ತಿಂದು, ಎಲೇಲಿ ಉಂಡು, ದಿಂಡನ್ನೂ ಪಲ್ಯ ಮಾಡ್ಕೊಂಡು, ಆಮೇಲೆ ನಾರು ಅಂತೀರಿ. ಹೊಟ್ಟೆಬಾಕರು ಕಣೆ!"

"ನಿಮ್ಮೋರು ಗೊನೆ ಬರೋಕೂ ಬುಡ್ದಂಗೆ ಕಡೀತಾರಲ್ಲ, ಅದು ಸರೀನಾ ಅಜ್ಜಿ? ತುಂಬಿದ ಬಸುರಿ ಇದ್ದಂಗೆ ಅದು."

"ಗೊನೆ ಬಂದ್ರೆ ನಾರು ಒರಟಾಯ್ತದೆ ಕೂಸೇ. ಮಗೀನ ಮೈಗೆ ಆಗಲ್ಲ."

ಅವಳ ಮಗಳಿಗೆ ಈಗ ಹೆಣ್ಣು ಮಗು ಹುಟ್ಟಿದೆ. ಹೊದಿಕೆ ಮಗ್ಗದಲ್ಲಿದೆ, ನಾಲ್ಕು ಬೆರಳಷ್ಟು ಬಾಕಿ. ಅವಳು ಊರಿನಿಂದ ತಂದ ಎಳೆ ಮುಗಿಯಿತು. ಹಗ್ಗಕ್ಕೆಂದು ಹಡಗಿನಲ್ಲಿ ಬರುವ ನಾರು ಗೊನೆ ಇಳಿಸಿದ ಗಿಡದ್ದು, ಒರಟು. ಇಲ್ಲಿ ಇರುವ ಬಾಳೆ ಒಂದೇ, ನನ್ನ ತೊಟ್ಟಿಯದು. ನಮ್ಮೂರ ಮಣ್ಣೆಲ್ಲ ಉಪ್ಪಾಗಿ ಬಾಳೆ ಕಾಯಿ ಬಿಡುವುದು ನಿಂತಾಗ ಅವ್ವ ಕೊನೆಯ ಬಾಳೆಯ ಬುಡದಿಂದ ಕಿತ್ತ ಕಂದನ್ನು, ಅಂದರೆ ಮರಿಯನ್ನು, ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. "ಅಲ್ಲಾದ್ರೂ ಹಣ್ಣು ಬುಟ್ರೆ ತಿಂದು, ಹೆಂಗಿತ್ತು ಅಂತ ಹೇಳವ್ವ" ಅಂದಳು.

ಅಜ್ಜಿ ಒಂದು ದಿನವೂ ಗಿಡ ಕೇಳಲಿಲ್ಲ. ಎಲೆಯ ತುದಿ ಕತ್ತರಿಸಿದರೆ ದಿಂಡು ಒಂದೇ ಸಮ ಬೆಳೆಯುತ್ತದೆ ಎಂದು ಹೇಳಿಕೊಟ್ಟಳು, ಅಷ್ಟೇ. ನಾನೂ ಕೊಡುತ್ತೇನೆ ಎನ್ನಲಿಲ್ಲ. ಅವ್ವನ ಹಣ್ಣಿಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬೇರೆ. ಹೊದಿಕೆ ಮುಗಿದರೆ ಅಜ್ಜಿ ಹೊರಡುತ್ತಾಳೆ. ಅವಳ ಜಾಗಕ್ಕೆ ಯಾರನ್ನೂ ಕಳಿಸುವುದಿಲ್ಲವಂತೆ. ಆಮೇಲೆ ಹಗ್ಗದ ಆ ತುದಿ ಹಿಡಿಯಲು ಒಂದು ಗೂಟ ಇರುತ್ತದೆ. ಗೂಟಕ್ಕೆ ನಮ್ಮೂರ ಮಾತು ಬರುವುದಿಲ್ಲ.

ನಿನ್ನೆ ಗಿಡದ ನೆತ್ತಿಯಲ್ಲಿ ಒಂದು ಗಿಡ್ಡ ಎಲೆ ಕಂಡಿತು. ಗೊನೆಯ ಮುಂಚೆ ಬರುವ ಎಲೆ ಅದು. ಇನ್ನು ತಡಮಾಡಿದರೆ ನಾರು ಬಲಿಯುತ್ತದೆ. ಅಜ್ಜಿಯೂ ನೋಡಿದಳು. "ನಿಮ್ಮವ್ವಂಗೆ ಹೇಳೋಕೆ ಹಣ್ಣಾಯ್ತದೆ ಬುಡು" ಎಂದು ನಕ್ಕು, ಮಗ್ಗದ ಮೇಲೆ ಬಟ್ಟೆ ಮುಚ್ಚಿ, ಗೋಡೆ ಕಡೆ ತಿರುಗಿ ಮಲಗಿದಳು.

ನಿಮ್ಮಲ್ಲಿ ಒಂದು ಕೋರಿಕೆ. ಹೂ ಕೊಂಡಾಗ ಅದರ ನಾರನ್ನು ಒಮ್ಮೆ ಬೆರಳಿನಲ್ಲಿ ಮುಟ್ಟಿ ನೋಡಿ. ಅದು ಏನೇನು ಆಗಬಹುದಿತ್ತು ಎಂದು ಯೋಚಿಸಿ. ಪಕ್ಕದಲ್ಲಿ ಯಾರಾದರೂ ಇದ್ದರೆ ಅವರಿಗೂ ಮುಟ್ಟಿಸಿ.

ಇಂದು ಬೆಳಿಗ್ಗೆ ಅಜ್ಜಿ ಏಳುವ ಮುಂಚೆ ಗಿಡ ಕಡಿದೆ. ದಿಂಡನ್ನು ಅವಳ ಮಗ್ಗದ ಪಕ್ಕ ಒರಗಿಸಿಟ್ಟು, ಕುಡುಗೋಲು ತೊಳೆದೆ. ಬುಡದಲ್ಲಿ ಬೆರಳುದ್ದದ ಮರಿಯೊಂದು ಇತ್ತು. ಅದಕ್ಕೆ ಒಂದು ಚೊಂಬು ಸಿಹಿನೀರು ಹಾಕಿದೆ.